ಸಹನೆಗೂ ಒಂದು ಅಳತೆ

ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಹಳೆಯ ಬೈಕಿನ ಕಾರ್ಬ್ಯುರೇಟರ್ ಬಿಚ್ಚಿದರೆ ಮೆಕ್ಯಾನಿಕ್‌ನ ಬೆರಳಿಗೆ ಕಂದು ಬಣ್ಣದ ಅಂಟು ಮೆತ್ತಿಕೊಳ್ಳುವುದುಂಟು. ಅದಕ್ಕೆ ಯಾರೂ ಏನೂ ಬೆರೆಸಿರುವುದಿಲ್ಲ. ಗಾಳಿಯ ಆಮ್ಲಜನಕವೇ ಪೆಟ್ರೋಲನ್ನು ಒಳಗೊಳಗೇ ಕೆಡಿಸಿರುತ್ತದೆ.

ಆ ಕೇಡು ಹಬ್ಬುವ ಬಗೆ ನೋಡಿ. ಇಂಧನದ ಒಂದು ಅಣು ತನ್ನ ಹೈಡ್ರೋಜನ್ ಕಳೆದುಕೊಂಡು ನೆಲೆತಪ್ಪುತ್ತದೆ. ಆಮ್ಲಜನಕ ಅದಕ್ಕೆ ಅಂಟಿ, ಪೆರಾಕ್ಸಿ ರ‍್ಯಾಡಿಕಲ್ ಎಂಬ ಚಡಪಡಿಸುವ ಅಣು ಹುಟ್ಟುತ್ತದೆ. ಅದು ಪಕ್ಕದ ಅಣುವಿನ ಹೈಡ್ರೋಜನ್ ಕಿತ್ತುಕೊಂಡು ತಾನು ತಣ್ಣಗಾಗುತ್ತದೆ. ಕಳೆದುಕೊಂಡದ್ದು ಮುಂದಿನದರ ಮೇಲೆ ಬೀಳುತ್ತದೆ. ಪೆಟ್ಟು ತಿಂದದ್ದೇ ಪೆಟ್ಟು ಕೊಡುತ್ತಾ ಹೋಗುತ್ತದೆ.

ಈ ಸರಪಳಿಯನ್ನು ಕಡಿಯಲು ಬಿಎಚ್‌ಟಿಯಂಥ ಫೀನಾಲ್ ಜಾತಿಯ ರಾಸಾಯನಿಕ ಬೆರೆಸುತ್ತಾರೆ. ಜೆಟ್ ವಿಮಾನದ ಇಂಧನಕ್ಕೆ ಲೀಟರಿಗೆ ಹೆಚ್ಚೆಂದರೆ 24 ಮಿಲಿಗ್ರಾಂ. ಅದು ತನ್ನ ಹೈಡ್ರೋಜನನ್ನು ತಾನೇ ಕೊಟ್ಟುಬಿಡುತ್ತದೆ. ಕೊಟ್ಟಮೇಲೂ ಇನ್ನೊಂದರ ಮೇಲೆ ಎರಗುವುದಿಲ್ಲ. ಹಾಗೆ ಕೊಟ್ಟಾಗ ಉಳಿಯುವ ಒಂಟಿ ಎಲೆಕ್ಟ್ರಾನಿನ ತಳಮಳ ಅದರ ಇಂಗಾಲದ ಉಂಗುರದ ತುಂಬ ಹಂಚಿಹೋಗುತ್ತದೆ. ಅಕ್ಕಪಕ್ಕದಲ್ಲಿ ಎರಡು ದಪ್ಪ ಗುಂಪುಗಳು ಕಾವಲಿಗಿರುತ್ತವೆ. ಅದರ ಶಾಂತಿ ಬರೀ ಒಳ್ಳೆಯತನವಲ್ಲ. ಭಾರ ಹಂಚಿಕೊಳ್ಳುವ ಆಸರೆ ಇರುವುದರಿಂದ ಬಂದದ್ದು.

ಆದರೆ ಒಂದು ಬಿಎಚ್‌ಟಿ ಅಣು ತಡೆಯುವುದು ಸುಮಾರು ಎರಡು ರ‍್ಯಾಡಿಕಲ್‌ಗಳನ್ನು ಮಾತ್ರ. ಅಷ್ಟಕ್ಕೆ ಅದು ಮುಗಿಯಿತು. ಅದು ಸವೆಯುವ ತನಕ ಇಂಧನ ಚೆನ್ನಾಗಿಯೇ ಇರುತ್ತದೆ. ಸವೆದದ್ದೇ ತಡ, ಕೇಡು ದಡದಡನೆ ನುಗ್ಗುತ್ತದೆ. ಆಮೇಲೆ ಎಷ್ಟು ಬಿಎಚ್‌ಟಿ ಸುರಿದರೂ ಆದ ಅಂಟು ಮತ್ತೆ ಪೆಟ್ರೋಲಾಗುವುದಿಲ್ಲ.

ನಮ್ಮ ಮನೆಗಳಲ್ಲೂ ಹೀಗೆ ಒಬ್ಬರಿರುತ್ತಾರೆ. ಗಂಡನ ಸಿಡುಕನ್ನು ಮಕ್ಕಳಿಗೆ ದಾಟಿಸದೆ, ಅತ್ತೆಯ ಮಾತನ್ನು ತವರಿಗೆ ಒಯ್ಯದೆ ನುಂಗಿಕೊಳ್ಳುವವರು. ‘ಅವಳು ಸಹಿಸಿಕೊಳ್ತಾಳೆ ಬಿಡಿ’ ಎಂದು ಉಳಿದವರು ನಿರಾಳ. ಅವಳು ಒಂದು ದಿನ ಸಿಡಿದಾಗ ‘ಇಷ್ಟು ವರ್ಷ ಇಲ್ಲದ್ದು ಇವತ್ತೇನು ಬಂತು’ ಎಂದು ಕೇಳುತ್ತಾರೆ. ಬಂದದ್ದೇನೂ ಇಲ್ಲ, ಇದ್ದದ್ದು ಮುಗಿದಿದೆ.

ಇನ್ನೊಂದು ಮಾತು. ಇಂಥ ತಡೆಯ ಗುಣ ಸ್ಪಷ್ಟವಾಗಿ ಗೊತ್ತಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಫ್ರಾನ್ಸಿನ ರಸಾಯನತಜ್ಞರಾದ ಶಾರ್ಲ್ ಮೂರೊ ಮತ್ತು ಶಾರ್ಲ್ ಡ್ಯುಫ್ರೆಸ್, ವಿಷಾನಿಲವಾಗಿ ಬಳಸುತ್ತಿದ್ದ ಅಕ್ರೋಲಿನ್ ಕೆಡದಂತೆ ಹೈಡ್ರೋಕ್ವಿನೋನ್‌ನಂಥ ಫೀನಾಲ್‌ಗಳು ಕಾಯುವುದನ್ನು ಕಂಡುಕೊಂಡರು. ಕಾಯುವ ವಸ್ತುವಿಗೆ ತಾನು ಕಾಯುತ್ತಿರುವುದು ಇಂಧನವೋ ವಿಷವೋ ಎಂಬ ವಿವೇಚನೆ ಇಲ್ಲ. ಸಹನೆಯೂ ಹಾಗೆಯೇ: ಅದು ಸಂಸಾರವನ್ನು ಉಳಿಸಬಲ್ಲದು, ಅನ್ಯಾಯವನ್ನೂ ಉಳಿಸಬಲ್ಲದು.

ಆದ್ದರಿಂದ ಸಹಿಸುವವರನ್ನು ಹೊಗಳಿ ಸುಮ್ಮನಾಗುವುದು ಸಾಲದು. ಅವರು ಸವೆಯುವ ಮುನ್ನವೇ ಭಾರಕ್ಕೆ ಹೆಗಲು ಕೊಡಬೇಕು. ಆ ಸಹನೆ ಯಾವುದನ್ನು ಕಾಪಾಡುತ್ತಿದೆ ಎಂದೂ ಕೇಳಬೇಕು. ಉತ್ತರ ‘ವಿಷ’ ಎಂದಾದರೆ, ಸಹಿಸಬೇಡಿ ಎಂದು ಮೊದಲು ಹೇಳಬೇಕಾದವರು ನಾವೇ.