ಹಳೇ ಮಾಡೆಲ್

ವಾಡಿ ಸ್ಟೇಷನ್ನಿನ ಹೊರಗೊಂದು ಮೊಬೈಲ್ ರಿಪೇರಿ ಅಂಗಡಿ. ನಾಲ್ಕು ಜನ ನಿಂತರೆ ಐದನೆಯವನು ರಸ್ತೆಗೆ ಇಳಿಯಬೇಕು, ಅಷ್ಟೇ ಜಾಗ. ನನ್ನ ಫೋನಿನ ಕಿವಿಯ ಸ್ಪೀಕರ್ ಕೈಕೊಟ್ಟು ವಾರವಾಗಿತ್ತು. ಯಾರು ಫೋನ್ ಮಾಡಿದರೂ ಲೌಡ್ ಸ್ಪೀಕರ್ ಹಾಕಿ ಮನೆಯ ಮಾತನ್ನು ಓಣಿಗೆಲ್ಲ ಕೇಳಿಸುವ ಗತಿ. ರಿಪೇರಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮುದುಕರ ಮನೆಯವರಿಗೆ ಡಾಕ್ಟರು ಹೇಳುವ ದನಿಯಲ್ಲಿ ಹೇಳಿದ: "ಹಳೇ ಮಾಡೆಲ್ ಅದ್ರಿ ಸರ. ಪಾರ್ಟ್ ಬರಲ್ಲ ಈಗ."

ಕೊಂಡು ನಾಲ್ಕೇ ವರ್ಷ. ನಾಲ್ಕು ವರ್ಷದ ಕೂಸಿಗೆ ನಾವಿನ್ನೂ ಪಾಟಿ ಬಳಪ ಕೊಟ್ಟಿರುವುದಿಲ್ಲ.

"ಕುಂದರ್ರಿ, ಡಬ್ಬಿದಾಗ ಏನರ ಸಿಗ್ತದೇನ್ ನೋಡ್ತೀನಿ" ಎಂದು ಹಳೆಯ ಬಿಸ್ಕಿಟ್ ಡಬ್ಬಿಯೊಂದನ್ನು ಕೆಳಗಿಳಿಸಿದ. ಒಳಗೆ ಸತ್ತ ಫೋನುಗಳ ಅಂಗಾಂಗ: ಕ್ಯಾಮೆರಾ ಕಣ್ಣು, ಚಾರ್ಜಿಂಗ್ ಬಾಯಿ, ಎಳ್ಳಿನಷ್ಟು ಸ್ಕ್ರೂಗಳು. ನಾನು ಸ್ಟೂಲಿನ ಮೇಲೆ ಕುಳಿತೆ.

ಪಕ್ಕದಲ್ಲಿ ಮೂವರು ಹುಡುಗರ ವಾದ ನಡೆದಿತ್ತು. ಯಾವ ಪ್ರೊಸೆಸರ್ ಬಿಸಿಯಾಗುತ್ತದೆ, ಯಾವುದು ಬಿಜಿಎಂಐ ಆಡುವಾಗ ತಡವರಿಸುತ್ತದೆ, 120 ಹರ್ಟ್ಸ್ ಪರದೆ ಇಲ್ಲದ್ದನ್ನು ಫೋನ್ ಎನ್ನಬಹುದೇ ಇಲ್ಲವೇ. ಒಬ್ಬ ಐಫೋನ್ ಪಂಥದವನು, ಇಬ್ಬರು ಆಂಡ್ರಾಯ್ಡ್ ಪಂಥದವರು. "ಅದು ವೇಸ್ಟ್ ಲೇ. ಮುಗೀತ್ ಅದರ ಕಥಿ" ಎಂದು ಒಬ್ಬ ಒಂದು ಕಂಪನಿಯ ಹಣೆಬರಹವನ್ನೇ ಬರೆದು ಚಹಾ ಗುಟುಕರಿಸಿದ. ಸುಪ್ರೀಂ ಕೋರ್ಟಿಗೂ ಅಷ್ಟು ಖಚಿತತೆ ಇರಲಾರದು.

ನಗು ಬಂತು. ಆದರೆ ನಾನೂ ಅದನ್ನೇ ಮಾಡಿದವನು. ಕೊಳ್ಳುವ ಮುಂಚೆ ತಿಂಗಳಗಟ್ಟಲೆ ರಿವ್ಯೂ ನೋಡಿ, ಹತ್ತು ಜನರನ್ನು ಕೇಳಿ, ನಾನೇ ಮೂವರಿಗೆ ಉಪದೇಶ ಕೊಟ್ಟು ಕೊಂಡ ಫೋನೇ ಈಗ ಆ ಡಬ್ಬಿಯ ಪಕ್ಕದಲ್ಲಿ ಬೋರಲು ಬಿದ್ದಿದೆ. ಯಂತ್ರ ನಾಲ್ಕು ವರ್ಷ ಬಾಳಿತು. ಅದರ ಬಗ್ಗೆ ನನಗಿದ್ದ ಅಭಿಪ್ರಾಯ ಎಂಟು ತಿಂಗಳೂ ಬಾಳಲಿಲ್ಲ.

ನಮ್ಮ ತೀರ್ಪುಗಳ ಆಯುಸ್ಸು ಇಷ್ಟೇ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿದಾಗ ಆಟದ ಯುಗವೇ ಮುಗಿಯಿತು ಎಂದವರು, ಮರುವರ್ಷ ಅದು ಬಿಜಿಎಂಐ ಎಂಬ ಹೆಸರಲ್ಲಿ ಬಂದಾಗ ಮೊದಲ ದಿನವೇ ಹಾಕಿಕೊಂಡರು. ಹಳೆಯ ರ‍್ಯಾಮ್ ಕಡ್ಡಿಗಳನ್ನು ಗುಜರಿ ಎಂದು ಡ್ರಾಯರಿಗೆ ಎಸೆದವರು, 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನೆಲ್ಲ ನುಂಗತೊಡಗಿ ಬೆಲೆ ಏರಿದಾಗ ಅದೇ ಡ್ರಾಯರ್ ತಡಕಾಡಿದರು. ಕಡ್ಡಿ ಇದ್ದಲ್ಲೇ ಇತ್ತು, ಇದ್ದಂತೆಯೇ ಇತ್ತು. ಗುಜರಿ ಎಂಬ ಮಾತು ಮಾತ್ರ ಉದುರಿಹೋಗಿತ್ತು.

ತೊಂಬತ್ತರ ದಶಕದಲ್ಲಿ ಸೇಡಂನ ಅತ್ತೆಯ ಮನೆಗೆ ಒಂದು ವಿಡಿಯೋ ಗೇಮ್ ಬಂದಿತ್ತು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮಿನ ನಕಲು. ಕ್ಯಾಸೆಟ್ ಮೇಲೆ ಸಾವಿರಾರು ಆಟ ಎಂದು ಬರೆದಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯಷ್ಟು, ಅವೇ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಕಾಂಟ್ರಾ, ಮಾರಿಯೋ, ಬಾತುಕೋಳಿಗೆ ಗುಂಡು ಹೊಡೆಯುವುದು. ಕ್ಯಾಸೆಟ್ ಹತ್ತದಿದ್ದರೆ ಬಾಯಿಯಿಂದ ಊದಿ ಹಾಕುವುದು ನಮ್ಮ ಶಾಸ್ತ್ರ. ಬೇಸಿಗೆ ರಜೆ, ಹೊರಗೆ ಕಾದ ಕಾವಲಿಯಂಥ ಬಿಸಿಲು, ಒಳಗೆ ನಾನೂ ತಮ್ಮನೂ ಕಾಂಟ್ರಾದ ಕೊನೆಯ ಹಂತದಲ್ಲಿ. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು.

ಆ ಆಟದಲ್ಲಿ ಸೇವ್ ಮಾಡುವ ಸೌಕರ್ಯವಿರಲಿಲ್ಲ. ಕರೆಂಟ್ ಹೋದರೆ ಎಲ್ಲವೂ ಹೋಯಿತು: ಗಳಿಸಿದ ಗುಂಡು, ಉಳಿಸಿದ ಜೀವ, ದಾಟಿದ ಹಂತ. ಮತ್ತೆ ಬಂದಾಗ ಮೊದಲಿನಿಂದ. ಅತ್ತೆ ಬಾಗಿಲಲ್ಲಿ ನಿಂತು "ಹೋತಲ್ಲ, ಇನ್ನರ ಊಟಕ್ಕ ಏಳ್ರೋ" ಎನ್ನುತ್ತಿದ್ದರು. ದಿನಕ್ಕೆರಡು ಸಲ ಸರ್ವಸ್ವವನ್ನೂ ಕಳೆದುಕೊಂಡು ಉಂಡು ಮಲಗುವುದನ್ನು ನಾವು ಅಲ್ಲಿ ಕಲಿತೆವು. ಯಾರೂ ಅದಕ್ಕೆ ವೈರಾಗ್ಯ ಎಂದು ಹೆಸರಿಡಲಿಲ್ಲ.

ಈಗ ಕಾಲ ಬದಲಾಗಿದೆ. ಆಡಿದ್ದೆಲ್ಲ ತಾನಾಗಿಯೇ ದೂರದ ಸರ್ವರಿನಲ್ಲಿ ಉಳಿಯುತ್ತದೆ. ಫೋನ್ ಬಾವಿಗೆ ಬಿದ್ದರೂ ಹಂತ ಭದ್ರ. ಆದರೆ ಆಟವೇ ಹೋಗುತ್ತದೆ. ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದಿ ಕ್ರ್ಯೂ' ಎಂಬ ಕಾರ್ ಆಟ ಮಾರಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು. ದುಡ್ಡು ಕೊಟ್ಟು ತಂದ ಡಿಸ್ಕ್ ಕೈಯಲ್ಲಿ ಹೊಳೆಯುತ್ತಿದೆ, ಆಡಲು ಬರುವುದಿಲ್ಲ. ಅಂದು ಆಟ ಉಳಿದು ಗಳಿಕೆ ಹೋಗುತ್ತಿತ್ತು. ಇಂದು ಗಳಿಕೆಯನ್ನು ಜೋಪಾನ ಮಾಡಿಟ್ಟು ಆಟವೇ ಎದ್ದು ಹೋಗುತ್ತದೆ. ಕರೆಂಟ್ ಹೋಗುವ ಜಾಗ ಬದಲಾಗಿದೆ, ಅಷ್ಟೇ. ಮೊದಲು ಅದು ಸೇಡಂನಲ್ಲಿ ಹೋಗುತ್ತಿತ್ತು. ಮತ್ತೆ ಬರುತ್ತಲೂ ಇತ್ತು.

ಭೀಮಾ ತೀರದ ಕನಗನಹಳ್ಳಿಯಲ್ಲಿ ನಿಂತಾಗಲೆಲ್ಲ ನನಗೆ ಈ ಡಿಸ್ಕು ನೆನಪಾಗುತ್ತದೆ. ಚಿತ್ತಾಪುರ ಸೀಮೆಯ ಈ ಊರಿನಲ್ಲಿ ತೊಂಬತ್ತರ ದಶಕದಲ್ಲಿ ಮಣ್ಣು ಅಗೆದಾಗ ಸಿಕ್ಕಿದ್ದು ಬೌದ್ಧರ ಮಹಾಸ್ತೂಪ. ಒಂದು ಚಪ್ಪಡಿಯ ಮೇಲೆ ರಾಜ, ರಾಣಿ, ಪರಿವಾರ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು. ಆ ಸ್ತೂಪವನ್ನು ಸುತ್ತುತ್ತಿದ್ದವರ ತಿಳಿವಳಿಕೆ ಇದು: ಯಾವುದೂ ತನ್ನಷ್ಟಕ್ಕೆ ತಾನು ನಿಂತಿಲ್ಲ, ಒಂದನ್ನು ಹಿಡಿದು ಇನ್ನೊಂದು ನಿಂತಿದೆ, ಹಿಡಿದದ್ದು ಸರಿದರೆ ನಿಂತದ್ದೂ ಇಲ್ಲ. ಅನಿತ್ಯ ಎಂದರೆ ವಸ್ತು ಒಡೆಯುವುದು ಎಂದುಕೊಳ್ಳುತ್ತೇವೆ. ವಸ್ತು ಒಡೆಯಬೇಕಿಲ್ಲ. ಅದರ ಒಡನಾಡಿ ಹೋದರೆ ಸಾಕು. ಡಿಸ್ಕಿಗೆ ಸರ್ವರ್, ಕ್ಯಾಸೆಟ್ಟಿಗೆ ಪ್ಲೇಯರ್, ನನ್ನ ಫೋನಿಗೆ ಕಡಲೆಕಾಳಿನಷ್ಟು ಸ್ಪೀಕರ್.

ನಮ್ಮ ಕಲಬುರಗಿ ಜಿಲ್ಲೆ ಇದನ್ನು ಬಹಳ ಮೊದಲೇ ಕಂಡಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ 'ಸೈಟ್' ಎಂಬ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಕರ್ನಾಟಕದಲ್ಲಿ ಆಯ್ಕೆಯಾದದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ಹತ್ತಡಿ ಬುಟ್ಟಿ ಆಕಾಶಕ್ಕೆ ಮುಖ ಮಾಡಿ ನಿಂತಿತು. ಬೆಂಗಳೂರಿನಲ್ಲಿ ಟಿ.ವಿ. ಪ್ರಸಾರ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲು ಇಲ್ಲಿನ ಒಕ್ಕಲಿಗರು ಶಾಲೆಯ ಅಂಗಳದಲ್ಲಿ ಕುಳಿತು ಬೇಸಾಯ, ಆರೋಗ್ಯದ ಮಾತನ್ನು ಕನ್ನಡದಲ್ಲಿ ನೋಡಿದ್ದರು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಎಟಿಎಸ್-6 ಎಂಬ ಆ ಉಪಗ್ರಹ ಕೈಗಡ ತಂದದ್ದು; ಅಮೆರಿಕ ವಾಪಸು ತನ್ನ ಕಡೆಗೆ ಸರಿಸಿಕೊಂಡಿತು. ಟಿ.ವಿ. ಪೆಟ್ಟಿಗೆ ಇತ್ತು, ತಂತಿಬುಟ್ಟಿ ಇತ್ತು, ಅಂಗಳ ಇತ್ತು, ಜನ ಇದ್ದರು. 36,000 ಕಿಲೋಮೀಟರ್ ಮೇಲೆ ಒಂದು ವಸ್ತು ಪಕ್ಕಕ್ಕೆ ಸರಿದಿತ್ತು. 1977ರಲ್ಲಿ ಕಲಬುರಗಿಗೆ ತನ್ನದೇ ಪ್ರಸಾರ ಕೇಂದ್ರ ಬಂತು. ಈಚೆಗೆ ದೂರದರ್ಶನ ಅನಲಾಗ್ ಪ್ರಸಾರವನ್ನೇ ಹಂತ ಹಂತವಾಗಿ ನಿಲ್ಲಿಸಿತು. ಮಾಳಿಗೆಯ ಮೇಲಿನ ಆಂಟೆನಾ ಕಾಗೆಗಳಿಗೆ ಮೀಸಲಾಯಿತು.

ಇಷ್ಟಕ್ಕೇ ಮುಗಿಸಿದರೆ ಇದು ಬರೀ ಶೋಕಗೀತೆ. ಕನಗನಹಳ್ಳಿಯ ಪಕ್ಕದ ಸನ್ನತಿ ಇನ್ನೊಂದು ಮಾತು ಹೇಳುತ್ತದೆ.

1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆಯಿತು. ಅದರ ಅಡಿಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರಗಳಿದ್ದವು: ಅಶೋಕನ ಶಾಸನ. ಎರಡು ಸಾವಿರ ವರ್ಷ ದಾಟಿದ ರಾಜಾಜ್ಞೆ. ಆ ಕಲ್ಲನ್ನು ಪೀಠವಾಗಿಸಿದವರು ದುಷ್ಟರೇನಲ್ಲ. ಬ್ರಾಹ್ಮಿಯನ್ನು ಓದಬಲ್ಲ ಕಣ್ಣು ಆ ಹೊತ್ತಿಗೆ ನಾಡಿನಿಂದಲೇ ಮಾಯವಾಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಬೀಗ ತೆಗೆಯುವವರೆಗೂ ಅಶೋಕನ ಕಲ್ಲುಗಳೆಲ್ಲ ಪ್ಲೇಯರ್ ಇಲ್ಲದ ಕ್ಯಾಸೆಟ್ಟುಗಳೇ. ಸನ್ನತಿಯ ಕಲ್ಲು ರಾಜಾಜ್ಞೆಯಾಗಿ ಹಳೇ ಮಾಡೆಲ್ ಆಯಿತು. ಕಲ್ಲಾಗಿ ಮಾತ್ರ ಇನ್ನೂ ಗಟ್ಟಿಯಿತ್ತು. ಹಾಗಾಗಿ ದೇವಿಯ ಪಾದದಡಿ ಕೆಲಸ ಸಿಕ್ಕಿತು. ಮಾಳಿಗೆ ಬಿದ್ದ ದಿನ ಹಳೆಯ ಕೆಲಸವೂ ಮರಳಿ ಬಂತು. ಆ ಚಪ್ಪಡಿಯಲ್ಲಿರುವ ಹನ್ನೆರಡನೆಯ ಶಾಸನದ ತಾತ್ಪರ್ಯ, ತನ್ನ ಪಂಥವನ್ನೇ ಹೊಗಳಿ ಇನ್ನೊಬ್ಬರದನ್ನು ಹಳಿಯಬೇಡಿ, ಮಾತಿಗೆ ಲಗಾಮು ಇರಲಿ ಎಂದು. ರಿಪೇರಿ ಅಂಗಡಿಯ ಐಫೋನ್ ಪಂಥದವನಿಗೂ ಆಂಡ್ರಾಯ್ಡ್ ಪಂಥದವರಿಗೂ ಸಲ್ಲುವ ಮಾತು. ಆದರೆ ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಶಹಾಬಾದಿನ ಕಲ್ಲಿನದೂ ಇದೇ ಕಥೆ. ನಮ್ಮ ಸೀಮೆಯ ಹಳೆಯ ಮನೆಗಳಿಗೆಲ್ಲ ಅದೇ ಫರಸಿ. ಬೇಸಿಗೆಯ ಮಧ್ಯಾಹ್ನ ಅಂಗಿ ತೆಗೆದು ಅದರ ಮೇಲೆ ಬೋರಲು ಬಿದ್ದರೆ ಬೇರೆ ಕೂಲರ್ ಬೇಡ. ಈಗ ಹೊಳೆಯುವ ಟೈಲ್ಸ್ ಬಂದಿದೆ. ಕಲ್ಲೂ ಹಳೇ ಮಾಡೆಲ್ ಆಗಬಹುದು ಎಂದು ನನಗೆ ತಿಳಿದದ್ದು, ನಮ್ಮ ಮನೆಯ ಫರಸಿ ಕೀಳಿಸಿದ ದಿನ. ಕಿತ್ತ ಕಲ್ಲುಗಳಲ್ಲಿ ಎರಡು ಚರಂಡಿಗೆ ಮುಚ್ಚಳವಾದವು. ಒಂದು ಬಟ್ಟೆ ಒಗೆಯುವ ಕಲ್ಲಾಯಿತು. ಇನ್ನೊಂದು ಬೇವಿನ ಮರದ ಕೆಳಗೆ ಕಟ್ಟೆಯಾಯಿತು. ಸಂಜೆ ಅವ್ವ ಅದರ ಮೇಲೆ ಕುಳಿತು ತೊಗರಿಬೇಳೆ ಹಸನು ಮಾಡುತ್ತಾಳೆ. ಹೊಸ ಟೈಲ್ಸಿನಲ್ಲಿ ಒಂದು ಮೂಲೆ ಒಡೆಯಿತು. ಅದು ಏನೂ ಆಗಲಿಲ್ಲ.

ಚಿಂಚೋಳಿಯ ಕುಂಚಾವರಂ ಕಡೆಯ ಕಾಡಂಚಿನಲ್ಲಿ ನಮ್ಮ ಸೋದರಮಾವ ಇದ್ದಾರೆ. ಅವರ ಬಳಿ ಇರುವುದು ನೋಕಿಯಾ 1100. 2003ರಲ್ಲಿ ಬಂದು ಲೋಕದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನ್. ಅದರಲ್ಲಿ ಸಿಮ್ ತೆಗೆದು ಎಷ್ಟೋ ವರ್ಷವಾಯಿತು. ಮಾವ ಅದನ್ನು ಬ್ಯಾಟರಿ, ಅಂದರೆ ಟಾರ್ಚು, ಎಂದೇ ಕರೆಯುತ್ತಾರೆ. ರಾತ್ರಿ ಹೊಲಕ್ಕೆ ಹೋಗುವಾಗ ದಾರಿ ತೋರಿಸಲು. "ಇದು ಫೋನ್ ಅಲ್ಲೇನ್ರಿ ಮಾಮಾ?" ಎಂದರೆ "ಆಗಿತ್ತು ಒಂದ್ ಕಾಲಕ್ಕ" ಎನ್ನುತ್ತಾರೆ. ಬೆನ್ನು ತೆಗೆದರೆ ಬ್ಯಾಟರಿ ಕೈಗೆ ಬರುತ್ತದೆ. ಅಂಥದೇ ಬ್ಯಾಟರಿ ಇಂದಿಗೂ ಚಿಕ್ಕ ರೇಡಿಯೊಗಳಿಗಾಗಿ ಅಂಗಡಿಯಲ್ಲಿ ಸಿಗುತ್ತದೆ.

ಹೊಸದನ್ನು ಕೊಳ್ಳುವಾಗ ನಾವು ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ದಿನ ಹೊಸದಾಗಿರುತ್ತದೆ? ಕೇಳಬೇಕಾದದ್ದು ಇನ್ನೊಂದು: ಹಳೆಯದಾದ ಮೇಲೆ ಇದು ಏನಾಗಬಲ್ಲದು? ಅಂಟು ಹಾಕಿ ಮುಚ್ಚಿದ ಬ್ಯಾಟರಿ, ಕಂಪನಿಯ ಒಪ್ಪಿಗೆಯಿಲ್ಲದೆ ಹೊಂದದ ಪಾರ್ಟು, ಸರ್ವರಿಗೆ ದಾರದಿಂದ ಕಟ್ಟಿದ ಆಟ, ಇವಕ್ಕೆ ಎರಡನೆಯ ಜನ್ಮವೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತಾಗ, ಹನ್ನೊಂದಕ್ಕೆ ಏರಲಾಗದ ಎಷ್ಟೋ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಒಂದೇ ದಿನ ಮುದಿಯಾದವು. ಲಿನಕ್ಸ್ ಹಾಕಿಕೊಂಡವು ಮಾತ್ರ ಸನ್ನತಿಯ ಕಲ್ಲಿನಂತೆ ಬೇರೆ ಕೆಲಸಕ್ಕೆ ನಿಂತವು. ಎಲ್ಲವೂ ಹೋಗುತ್ತದೆ ಎನ್ನುವುದು ಪ್ರಕೃತಿಯ ನಿಯಮ. ಬೇರೇನೂ ಆಗದಂತೆ ಬಾಗಿಲು ಜಡಿದು ಕಳಿಸುವುದು ನಿಯಮವಲ್ಲ, ಮನುಷ್ಯ ಮಾಡಿದ ಏರ್ಪಾಡು. ಇವೆರಡನ್ನೂ ಒಂದೇ ಎಂದುಕೊಂಡು ನಾವು ಕಂತು ಕಟ್ಟುತ್ತಿದ್ದೇವೆ.

ಹಾಗೆಂದು ಎರಡನೆಯ ಜನ್ಮವೂ ಶಾಶ್ವತವಲ್ಲ. ಈ ನೆಲದ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಕಡಲಿನ ತಳದ ಕೆಸರು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಅದನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡುತ್ತವೆ. ಶುದ್ಧ ಸುಣ್ಣಕಲ್ಲು ನೂರು ಕಿಲೋ ಸುಟ್ಟರೆ ನಲವತ್ನಾಲ್ಕು ಕಿಲೋ ಗಾಳಿಯಾಗಿ ಹೋಗುತ್ತದೆ. ಉಳಿದದ್ದು ಯಾವುದೋ ಊರಿನ ಫ್ಲೈಓವರ್ ಆಗುತ್ತದೆ. ಅದೇ ಮಳಖೇಡ ಒಮ್ಮೆ ರಾಷ್ಟ್ರಕೂಟರ ಮಾನ್ಯಖೇಟ, ದಖ್ಖನ್ನಿನ ಲೇಟೆಸ್ಟ್ ಮಾಡೆಲ್. 972ರಲ್ಲಿ ಪರಮಾರರ ಸೀಯಕ ಬಂದು ಕೊಳ್ಳೆ ಹೊಡೆದ. ಇಂದು ಬಸ್ಸಿನ ಕಿಟಕಿಯಿಂದ ಮೊದಲು ಕಾಣುವುದು ಚಿಮಣಿ, ಆಮೇಲೆ ಕೋಟೆ. ಕಾಗಿಣಾ ನದಿ ಎರಡನ್ನೂ ಪಕ್ಷಪಾತವಿಲ್ಲದೆ ಹಾದುಹೋಗುತ್ತದೆ.

"ಸಿಕ್ತು ನೋಡ್ರಿ" ಎಂದ ರಿಪೇರಿಯವ. ಚಿಮಟಿಗೆಯ ತುದಿಯಲ್ಲಿ ಕಡಲೆಕಾಳಿನಷ್ಟು ಸ್ಪೀಕರ್. ಬೇರೆ ಯಾವುದೋ ಕಂಪನಿಯ, ಪರದೆ ಚೂರಾಗಿ ಇವನ ಡಬ್ಬಿ ಸೇರಿದ ಫೋನಿನದಂತೆ. ಬೆಸುಗೆಯ ಹೊಗೆ ಒಂದು ಎಳೆ ಎದ್ದಿತು. ಹುಡುಗರು ವಾದ ನಿಲ್ಲಿಸಿ ಬಗ್ಗಿ ನೋಡಿದರು. ಮನೆಗೆ ಫೋನ್ ಹಚ್ಚಿ ಕಿವಿಗಿಟ್ಟೆ. ಅವ್ವನ ದನಿ ಸ್ವಲ್ಪ ಬೇರೆಯಾಗಿತ್ತು, ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ. ಆದರೆ ಅವಳದೇ.

ದುಡ್ಡು ಕೊಡುತ್ತ ಕೇಳಿದೆ: "ಇದು ಯಾರ ಫೋನಿಂದೋ ಏನೋ ಅಲ್ಲೇನಪಾ?"

"ಯಾರಿಗ್ ಗೊತ್ತ್ರಿ" ಎಂದು ಅವನು ಡಬ್ಬಿಯ ಮುಚ್ಚಳ ಒತ್ತಿದ. "ಸದ್ಯಕ್ಕ ನಿಮ್ದು."