ದಂಡಿಗೆಯ ಕೆಳಗಿನ ಹೆಗಲು

‘ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು?’ ಈ ಗಾದೆ ಬರುವುದು ಹೆಚ್ಚಾಗಿ ಹಿರಿಯರ ಬಾಯಲ್ಲಿ, ಕಿರಿಯರ ಎದುರಿಗೆ. ಓದಿಕೊಂಡು ಬಂದ ಹುಡುಗನೋ ಹುಡುಗಿಯೋ ಊರ ಸಮಿತಿಯಲ್ಲಿ ಎದ್ದು ನಿಂತು ಜಾತ್ರೆ ಖರ್ಚಿನ ಲೆಕ್ಕ ಕೇಳಿದರೆ ಸಾಕು. ಮೊದಲು ಹೆಗಲು ಕೊಡಿ, ಮಾತು ಆಮೇಲೆ ಎಂಬುದು ಅದರ ಒಳಗಿನ ಮಾತು.

ಗಾದೆಯಲ್ಲಿ ಸುಳ್ಳೇನೂ ಇಲ್ಲ. ದಂಡಿಗೆ ಹೆಗಲಿಗೆ ಬಿದ್ದ ಮೇಲೆ ಹೆಜ್ಜೆ ಒಬ್ಬನದಾಗಿ ಉಳಿಯುವುದಿಲ್ಲ. ಇಳಿಜಾರು ಬಂದರೆ ಭಾರ ಮುಂದಿನವರ ಮೇಲೆ ವಾಲುತ್ತದೆ, ಏರು ಬಂದರೆ ಹಿಂದಿನವರ ಮೇಲೆ. ಮಡಚಿ ಹಾಕಿಕೊಂಡ ಟವೆಲ್ಲು ಬೆವರಿಗೆ ತೊಯ್ದು ಜಾರುತ್ತದೆ. ಉತ್ಸವಮೂರ್ತಿ ಅಲುಗದ ಹಾಗೆ ನಡೆಯುತ್ತ ನಡೆಯುತ್ತಲೇ ಹೆಗಲು ಬದಲಿಸಬೇಕು. ಇದನ್ನು ಕಲಿಯದ ಸಮುದಾಯ ಬಾಳುವುದಿಲ್ಲ, ನಿಜ.

ಆದರೆ ಹಳೆಯ ಮೈಸೂರು ಸೀಮೆಯಲ್ಲಿ ‘ಯಾರು’ ಎಂಬ ಪ್ರಶ್ನೆಗೆ ಉತ್ತರ ಹುಟ್ಟಿನಲ್ಲೇ ಸಿದ್ಧವಾಗಿರುತ್ತಿತ್ತು. ಹೊಳೆಯಲ್ಲಿ ಬಲೆ ಬೀಸುತ್ತಿದ್ದ ಬೆಸ್ತರೇ ದಡಕ್ಕೆ ಬಂದು ಪಲ್ಲಕ್ಕಿಯನ್ನೂ ಹೊರುತ್ತಿದ್ದರು. ಅದು ಅವರ ಕಸುಬೆಂದು ಬರೆದಿಟ್ಟಿದ್ದರು. ಎಲ್ಲರೂ ಹತ್ತಬಾರದು ಎನ್ನುವ ಗಾದೆ, ಹೊತ್ತವನು ಎಂದಾದರೂ ಹತ್ತುತ್ತಾನೆಯೇ ಎಂದು ಕೇಳುವುದಿಲ್ಲ. ಪಲ್ಲಕ್ಕಿಯನ್ನೇ ಕೆಳಗಿಳಿಸಬಹುದೇ ಎಂದಂತೂ ಕೇಳುವುದೇ ಇಲ್ಲ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೆಲವರು ಅದನ್ನು ಇಳಿಸಿಬಿಟ್ಟರು. ಕ್ವೇಕರರು ಎಂದು ಲೋಕ ಕರೆಯುವ, ತಮ್ಮನ್ನು ತಾವು ‘ಮಿತ್ರರು’ ಎಂದುಕೊಂಡ ಆ ಜನ ಪಾದ್ರಿಯಿಲ್ಲದೆ ಕೂಡಿ ಮೌನವಾಗಿ ಕೂತರು. ಒಳಗಿನಿಂದ ಪ್ರೇರಣೆಯಾದವರು ಎದ್ದು ಮಾತಾಡಬಹುದಿತ್ತು, ಹೆಂಗಸಾಗಲಿ ಕೂಲಿಯವನಾಗಲಿ. ನ್ಯಾಯಾಧೀಶನ ಎದುರಿಗೂ ಟೋಪಿ ತೆಗೆಯಲಿಲ್ಲ, ಅದಕ್ಕಾಗಿ ಜೈಲಿಗೆ ಹೋದರು. 1652ರಲ್ಲಿ ಈ ಚಳವಳಿ ಹರಡತೊಡಗಿದಾಗ ಅದನ್ನು ಮುನ್ನಡೆಸಿದ ಜಾರ್ಜ್ ಫಾಕ್ಸನಿಗೆ ಮೂವತ್ತೂ ತುಂಬಿರಲಿಲ್ಲ. ಅದೇ ಚಳವಳಿಯ ಜೇಮ್ಸ್ ಪಾರ್ನೆಲ್ 1656ರಲ್ಲಿ ಕಾಲ್ಚೆಸ್ಟರ್ ಕೋಟೆಯ ಸೆರೆಯಲ್ಲಿ ಸತ್ತಾಗ ಹತ್ತೊಂಬತ್ತರ ಹುಡುಗ. 1682ರಲ್ಲಿ ಬ್ರಿಸ್ಟಲ್‌ನಲ್ಲಿ ದೊಡ್ಡವರನ್ನೆಲ್ಲ ಸೆರೆಗೆ ತಳ್ಳಿದಾಗ ಮಕ್ಕಳೇ ಸಭೆ ಸೇರಿ ಮೌನಕ್ಕೆ ಕೂತರು, ಅದಕ್ಕಾಗಿ ಏಟು ತಿಂದರು. ‘ಹೊರುವವರು ಯಾರು’ ಎಂದು ಆ ಮಕ್ಕಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಸಭೆ ತಮ್ಮದೆಂದು ಮೊದಲೇ ಗೊತ್ತಿದ್ದವರು ಅವರು.

ಇಂದಿನ ಕ್ವೇಕರ್ ತರುಣರಿಗೆ ಅದು ಅಷ್ಟು ಸುಲಭವಲ್ಲ. ಲಂಡನ್ನಿನ ಸಭೆಯಲ್ಲಿ ಮೌನ. ಕೆನ್ಯಾದಲ್ಲಿ ಹಾಡು, ಪ್ರಾರ್ಥನೆ, ಪಾದ್ರಿಯ ಉಪದೇಶ. ಅಲ್ಲಿನ ಕೈಮೊಸಿಯಲ್ಲಿ 1902ರಲ್ಲಿ ಶುರುವಾದ ಮಿಷನ್ನಿನಿಂದ ಬೆಳೆದು, ಕೆನ್ಯಾವೇ ಇಂದು ಅತಿ ಹೆಚ್ಚು ಕ್ವೇಕರರಿರುವ ದೇಶ. ಈ ಇಬ್ಬರೂ ಒಂದೇ ಮನೆಯವರು ಎಂಬುದನ್ನು ಪುಸ್ತಕ ಓದಿ ತಿಳಿಯಲಾಗದು, ಒಂದು ಸೂರಿನಡಿ ಉಂಡು ಮಲಗಿ ಜಗಳವಾಡಿಯೇ ತಿಳಿಯಬೇಕು. 1937ರಲ್ಲಿ ಹುಟ್ಟಿದ ಅವರ ಜಾಗತಿಕ ಸಮಾಲೋಚನಾ ಸಮಿತಿ ದೇಶದೇಶಗಳ ಸಭೆಗಳನ್ನು ಬೆಸೆಯುತ್ತ ಬಂದಿದೆ. ತರುಣರದೇ ಜಾಗತಿಕ ಕೂಟ 1985ರಲ್ಲಿ ಅಮೆರಿಕದ ಗ್ರೀನ್ಸ್‌ಬೊರೊದಲ್ಲಿ ಸೇರಿತು. 2005ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲೂ ಕೆನ್ಯಾದಲ್ಲೂ. ತರುಣರನ್ನು ಕರೆದು ಕೂರಿಸಿ ಹಿರಿಯರು ಭಾಷಣ ಮಾಡುವ ಯುವ ಸಮಾವೇಶಗಳಿಗಿಂತ ಇದು ಎಷ್ಟೋ ಮೇಲು.

ನಮಗೆ ಹತ್ತಿರದಲ್ಲೇ ಕ್ವೇಕರ್ ಒಬ್ಬರಿದ್ದರು. ನಂಜನಗೂಡು, ಗುಂಡ್ಲುಪೇಟೆ ದಾಟಿ ನೀಲಗಿರಿ ಏರಿದರೆ ಸಿಗುವ ಕೋಟಗಿರಿಯಲ್ಲಿ ವರ್ಷಗಟ್ಟಲೆ ಬಾಳಿದ ಮಾರ್ಜರಿ ಸೈಕ್ಸ್. 1905ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಕೆ 1928ರಲ್ಲಿ ಮದರಾಸಿನ ಶಾಲೆಗೆ ಟೀಚರಾಗಿ ಬಂದರು. ಕ್ವೇಕರರ ಜೊತೆ ಸೇರಿದ್ದು ಇಲ್ಲಿಗೆ ಬಂದ ಮೇಲೆ. ಆಮೇಲೆ ಟ್ಯಾಗೋರರ ಶಾಂತಿನಿಕೇತನ, ಗಾಂಧಿಯ ಸೇವಾಗ್ರಾಮದ ನಯೀ ತಾಲೀಮ್ ಶಿಕ್ಷಣ. ತನ್ನ ಜನ ಯಾರೆಂಬುದು ಆಕೆಗೆ ಗೊತ್ತಾದದ್ದು ಹುಟ್ಟೂರಿನಿಂದ ಅಷ್ಟು ದೂರದಲ್ಲಿ.

ಸೋಸಲೆಯನ್ನು ನೆನೆದರೆ ನನಗೆ ತನ್ನ ಜನ ಯಾರೆಂಬ ಇದೇ ವಿಷಯ ಇನ್ನೊಂದು ದಾರಿಯಲ್ಲಿ ಎದುರಾಗುತ್ತದೆ. ಕಾವೇರಿ ದಡದ ಈ ಊರಿನ ಹೆಸರು ವ್ಯಾಸರಾಜ ಮಠದೊಂದಿಗೆ ಬೆಸೆದುಕೊಂಡಿದೆ. ಆ ಮಠಕ್ಕೆ ಹೆಸರು ಕೊಟ್ಟ ವ್ಯಾಸರಾಯರು ಹುಟ್ಟಿದ್ದು ಇದೇ ತಾಲ್ಲೂಕಿನ ಬನ್ನೂರಿನಲ್ಲಿ. ಅವರ ಬಳಿಗೆ ಹಾವೇರಿ ಸೀಮೆಯ ಬಾಡದಿಂದ ಬಂದ ಕುರುಬರ ಕನಕನನ್ನು ಉಳಿದ ಶಿಷ್ಯರು ಒಪ್ಪಲಿಲ್ಲವಂತೆ. ಯಾರೂ ನೋಡದ ಕಡೆ ತಿಂದು ಬನ್ನಿ ಎಂದು ಗುರು ಎಲ್ಲರಿಗೂ ಬಾಳೆಹಣ್ಣು ಕೊಟ್ಟ ಕತೆ ಮಕ್ಕಳಿಗೂ ಗೊತ್ತು. ದೇವರಿಲ್ಲದ ಜಾಗ ಸಿಗಲಿಲ್ಲವೆಂದು ಕನಕ ಹಣ್ಣನ್ನು ಹಾಗೇ ವಾಪಸು ತಂದ. ನಾವು ಕನಕನ ಉತ್ತರವನ್ನಷ್ಟೇ ಹೊಗಳುತ್ತೇವೆ. ಗುರು ಮಾಡಿದ್ದನ್ನೂ ನೋಡಬೇಕು: ಹಿರಿಯ ಶಿಷ್ಯರಿಗೆ ಕೊಟ್ಟ ಪ್ರಶ್ನೆಯನ್ನೇ ಹೊಸಬನಿಗೂ ಕೊಟ್ಟರು, ಉತ್ತರವನ್ನು ತುಂಬಿದ ಸಭೆಯಲ್ಲಿ ಹೇಳಿಸಿದರು. ಅವನಿಗೆ ಪಲ್ಲಕ್ಕಿ ಕೊಡಲಿಲ್ಲ, ಬರೀ ಹೊರುವ ಕೆಲಸವನ್ನೂ ಕೊಡಲಿಲ್ಲ.

ಕ್ವೇಕರ್ ಸಭೆಗಳಲ್ಲಿ ಕಲಾಪ ನಡೆಸುವ ಹೊಣೆ ಅವಧಿಗೊಮ್ಮೆ ಕೈ ಬದಲಾಗುತ್ತದೆ. ಅಲ್ಲಿ ಕೈ ಎತ್ತಿಸಿ ಮತ ಎಣಿಸುವುದಿಲ್ಲ, ಒಮ್ಮನಸ್ಸು ಮೂಡುವವರೆಗೆ ಕಾಯುತ್ತಾರೆ. ಆ ಕಾಯುವಿಕೆ ತರುಣರ ತಾಳ್ಮೆ ಕೆಡಿಸುವುದೂ ಉಂಟು, ಆದರೂ ಅವರು ಕೂತಿರುವುದು ತೀರ್ಮಾನವಾಗುವ ಕೋಣೆಯೊಳಗೆ. ನಮ್ಮಲ್ಲಿ ಮಠವಾಗಲಿ, ಊರ ದೇವಸ್ಥಾನವಾಗಲಿ, ಹೊರದೇಶದ ಕನ್ನಡ ಸಂಘವಾಗಲಿ, ಹುಡುಗರಿಗೆ ಬರುವ ಕರೆ ಪಂಕ್ತಿಯಲ್ಲಿ ಬಡಿಸುವುದಕ್ಕೆ, ಹೂವಿನ ಅಲಂಕಾರಕ್ಕೆ, ಆರಾಧನೆಯನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡುವುದಕ್ಕೆ. ಅವರು ಅದನ್ನು ಸಂತೋಷದಿಂದಲೇ ಮಾಡುತ್ತಾರೆ. ಫಾಲ್ಗುಣ ಬಹುಳ ಚೌತಿಗೆ ವ್ಯಾಸರಾಯರ ಆರಾಧನೆ ನಡೆಯುವಾಗ ಎಷ್ಟೋ ದೂರದಿಂದ ರಜೆ ಹಾಕಿ ಬರುವವರಿದ್ದಾರೆ. ಬಡಿಸಿ ಕೈ ತೊಳೆದ ಮೇಲೆ, ಮುಂದಿನ ವರ್ಷದ ಖರ್ಚು, ಯಾರನ್ನು ಕರೆಯುವುದು, ಯಾವ ಹಳೆಯ ಕಟ್ಟಳೆಯನ್ನು ಬಿಡುವುದು ಎಂದು ಹಿರಿಯರು ಕೂತು ಮಾತಾಡುತ್ತಾರಲ್ಲ, ಆ ಜಮಖಾನದ ಮೇಲೆ ಇವರಿಗೂ ಜಾಗ ಬಿಡಬೇಕು. ಇಪ್ಪತ್ತೆರಡರ ಹುಡುಗಿಯೊಬ್ಬಳು ‘ಈ ಕಟ್ಟಳೆ ಯಾಕೆ?’ ಎಂದರೆ ಗಾದೆಯಿಂದ ಬಾಯಿ ಮುಚ್ಚಿಸದೆ ಉತ್ತರ ಹೇಳಬೇಕು. ಉತ್ತರ ಹೊಳೆಯದಿದ್ದರೆ ಆಕೆಯ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಆಕೆಯ ಹೆಸರಿನೊಂದಿಗೆ ಬರೆದುಕೊಳ್ಳಬೇಕು.