ನಿದ್ದೆ ಎಲ್ಲರದೂ, ಭಾಷ್ಯ ಯಾರದು?

ಬೆಂಗಳೂರಿನಲ್ಲಿ 1920ರಲ್ಲಿ ಹುಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1937ರಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರಕ್ಕೆ ಬಂದು ನೆಲೆಸಿತು. ಕಟ್ಟಿದವರು ಮೇಷ್ಟರಾಗಿದ್ದ ವೈ. ಸುಬ್ಬರಾಯರು, 1948ರಲ್ಲಿ ಸಂನ್ಯಾಸ ತೆಗೆದುಕೊಂಡು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು, 1975ರವರೆಗೆ ಬದುಕಿದ್ದರು. ಅವರು ಬರೆದ ಇನ್ನೂರಕ್ಕೂ ಮಿಕ್ಕ ಪುಸ್ತಕಗಳಲ್ಲಿ ಬಹುಪಾಲು ಕನ್ನಡದವು. ಅದ್ವೈತದ ಶಂಕರಾಚಾರ್ಯರ ಮಾತು ಕನ್ನಡ ಲಿಪಿಯಲ್ಲಿ, ಅದರೊಂದಿಗೆ ಅನುವಾದ, ಅಡಿಯಲ್ಲಿ ಟಿಪ್ಪಣಿ: ದುಡಿದು ಬಂದ ಗುಮಾಸ್ತನೂ ರಾತ್ರಿ ದೀಪದ ಮುಂದೆ ಕೂತು ಓದಬಹುದಾದ ಪುಟಗಳು. ವಯಸ್ಕರ ಶಿಕ್ಷಣ ಎಂದು ಯಾರೂ ಅದನ್ನು ಕರೆಯಲಿಲ್ಲ. ಆದರೆ ಅದು ಅದೇ.

ಇಲ್ಲೊಂದು ತೊಡಕಿದೆ. ಬ್ರಹ್ಮಸೂತ್ರಭಾಷ್ಯದ ಅಪಶೂದ್ರಾಧಿಕರಣದಲ್ಲಿ ಶಂಕರರು ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎನ್ನುತ್ತಾರೆ. ಹಾಗೆಂದು ಜ್ಞಾನವನ್ನೇ ತಡೆಯುವುದಿಲ್ಲ. ವಿದುರನನ್ನೂ ಮಾಂಸ ಮಾರುತ್ತಿದ್ದ ಧರ್ಮವ್ಯಾಧನನ್ನೂ ನೆನೆದು, ಇತಿಹಾಸ ಪುರಾಣಗಳ ದಾರಿ ಎಲ್ಲರಿಗೂ ಇದೆ ಎನ್ನುತ್ತಾರೆ. ಆ ಭಾಷ್ಯವೇ ಕನ್ನಡದಲ್ಲಿ ಅಚ್ಚಾಗಿ ಅಂಗಡಿಗೆ ಬಂದಾಗ? ಕೊಳ್ಳುವವನ ಜಾತಿಯನ್ನು ಪುಸ್ತಕ ಕೇಳುವುದಿಲ್ಲ. ಅಕ್ಷರ ಬರುತ್ತದೆಯೇ ಎಂದಷ್ಟೇ ಕೇಳುತ್ತದೆ.

ಅದೂ ಸಣ್ಣ ತಡೆಯಲ್ಲ. 2011ರ ಜನಗಣತಿಯಲ್ಲೂ ಹಾಸನ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡಾ 76. ಹೆಂಗಸರದು ಅದಕ್ಕಿಂತ ಕಡಿಮೆ.

ಅಕ್ಷರ ಇಲ್ಲದವರಿಗೆ ಜ್ಞಾನವಿಲ್ಲವೇ? ಸ್ವಾಮಿಗಳು ಎತ್ತಿ ಹಿಡಿದ ವಿಚಾರಕ್ರಮ ಇದನ್ನು ಒಪ್ಪುವಂತಿಲ್ಲ. ಎಚ್ಚರ, ಕನಸು, ಗಾಢನಿದ್ರೆ ಈ ಮೂರನ್ನೂ ಪರೀಕ್ಷಿಸಿ ತಾನು ಯಾರೆಂದು ಕಾಣು ಎನ್ನುವ ದಾರಿ ಅದು. ಹಾಸನದ ಆಲೂಗೆಡ್ಡೆ ಹೊಲದಲ್ಲಿ ದಣಿದು ಮಲಗಿದವಳ ನಿದ್ದೆ ಪಂಡಿತರ ನಿದ್ದೆಗಿಂತ ಯಾವುದರಲ್ಲಿ ಕಡಿಮೆ? ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಊರಿನಲ್ಲಿ ತಲೆಮಾರುಗಳ ಸಂಗೀತ ಕಿವಿಯಿಂದ ಕಿವಿಗೇ ದಾಟಿತು. ನಾಡಿನಲ್ಲಿ ಎಷ್ಟೋ ಮಂದಿ ಸಹಿ ಹಾಕಲು ಬಾರದೆಯೇ ಕುಮಾರವ್ಯಾಸನನ್ನು ಬಲ್ಲವರಾಗಿದ್ದರು.

ಹಾಗಾದರೆ ಕೇಳಿದರೆ ಸಾಕೇ? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ಬೆಳಗಿದ ಜೈನರು ಶಾಸ್ತ್ರದಾನವನ್ನೂ ಆಹಾರದಾನದ ಸಾಲಿನಲ್ಲೇ ಇಟ್ಟರು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಪ್ರತೀತಿ. ಕೇಳಿಸಿದರೆ ಸಾಲದು, ಗ್ರಂಥ ಕೈಗೆ ಸಿಗಬೇಕು ಎಂಬ ಹಟ ಅದರಲ್ಲಿದೆ. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ಪತ್ರಿಕೆ ತಂದಾಗಲೂ ಅದೇ ಹಟ.

ಹಟಕ್ಕೆ ಕಾರಣವಿದೆ. 1929ರಲ್ಲಿ ಸುಬ್ಬರಾಯರು ಸಂಸ್ಕೃತದಲ್ಲಿ ‘ಮೂಲಾವಿದ್ಯಾನಿರಾಸ’ ಪ್ರಕಟಿಸಿದರು. ಅವಿದ್ಯೆ ಎಂಬುದು ಜಗತ್ತಿಗೆ ಉಪಾದಾನವಾದ ಯಾವುದೋ ದ್ರವ್ಯವಲ್ಲ, ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪು. ಶಂಕರರ ಮತ ಇದು, ನಂತರದ ವ್ಯಾಖ್ಯಾನಕಾರರು ಹೇಳಿದ್ದು ಬೇರೆ ಎಂದು ವಾದಿಸಿದರು. ಪಂಡಿತರು ಸಿಟ್ಟಾದರು. ಆದರೂ ಸುಬ್ಬರಾಯರು ಮೂಲಭಾಷ್ಯದ ಸಾಲಿಗೆ ಬೊಟ್ಟು ಮಾಡಿ ನಿಂತರು. ಪ್ರವಚನ ಕೇಳಿ ಮನೆಗೆ ಹೊರಟವನಿಗೆ ಅದು ಸಾಧ್ಯವಿರಲಿಲ್ಲ: ಸ್ವಾಮಿಗಳು ಹೇಳಿದ್ದು ನಿಜವೇ ಎಂದು ನೋಡಲು ಅವನು ಮತ್ತೊಬ್ಬರನ್ನೇ ಕೇಳಬೇಕಿತ್ತು.